ಹೊಗೆಯಿಲ್ಲದ ಚಿತ್ರ

ರೈಲುದಾರಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದವರು ರೈಲನ್ನು ತಲೆಯೆತ್ತಿ ನೋಡುವುದು ಅಪರೂಪ. ಅವರಿಗೆ ಅದು ಗೋಡೆಯ ಗಡಿಯಾರವಿದ್ದಂತೆ. ಸದ್ದು ಕೇಳಿದರೆ ಹೊತ್ತು ತಿಳಿಯಿತು, ಅಷ್ಟೆ. ರೈಲಿಲ್ಲದ ಸೀಮೆಯಿಂದ ಬಂದವರ ಕಣ್ಣಿಗೇ ಅದರ ಬೆರಗು ಪೂರ್ತಿಯಾಗಿ ದಕ್ಕುವುದು. ಮೈಸೂರು ಜಿಲ್ಲೆಯ ಪಡುವಣ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ನಾಲ್ಕು ತಾಲ್ಲೂಕುಗಳಿವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ – ಈ ಮೂರು ಊರುಗಳಿಗೆ ರೈಲು ಬರುವುದೆಂಬ ಮಾತು ಬಹು ಕಾಲದಿಂದ ಇದೆ. ರೈಲು ಮಾತ್ರ ಇಂದಿಗೂ ಬಂದಿಲ್ಲ. ನಾಲ್ಕನೆಯದಾದ ಕೃಷ್ಣರಾಜನಗರಕ್ಕೆ ಮಾತ್ರ ಆ ಭಾಗ್ಯ. ಸಂಸ್ಥಾನದ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ದಿನಗಳಲ್ಲಿ ರೂಪುಗೊಂಡ ಮೀಟರ್ ಗೇಜ್ ದಾರಿಯೊಂದು ಮೈಸೂರಿನಿಂದ ಹೊರಟು, ಸಾಗರಕಟ್ಟೆಯ ಬಳಿ ಕನ್ನಂಬಾಡಿ ಕಟ್ಟೆಯ ಹಿನ್ನೀರನ್ನು ದಾಟಿ, ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳನ್ನು ಹಾದು ಅರಸೀಕೆರೆಯನ್ನು ಮುಟ್ಟುತ್ತಿತ್ತು.

ಈ ದಾರಿಯ ಉಗಿಬಂಡಿಗಳ ಚಿತ್ರ ತೆಗೆಯುವುದಕ್ಕಾಗಿ ವಾರಕ್ಕೊಮ್ಮೆ ಹುಣಸೂರಿನಿಂದ ಮೊದಲ ಬಸ್ಸು ಹತ್ತಿ ಕೃಷ್ಣರಾಜನಗರಕ್ಕೆ ಬರುತ್ತಿದ್ದವರೊಬ್ಬರಿದ್ದರು. ಊರಿನವರು ಅವರನ್ನು ಫೋಟೋ ಮೇಷ್ಟ್ರು ಎಂದು ಕರೆಯುತ್ತಿದ್ದರು. ಕೆಲವು ಕಾಲ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ, ಅನಂತರ ಹುಣಸೂರಿನ ಪೇಟೆಬೀದಿಯಲ್ಲಿ ಸಣ್ಣದೊಂದು ಸ್ಟುಡಿಯೋ ತೆರೆದವರು. ಮದುವೆಯ ಚಿತ್ರ, ಶಾಲೆಯ ಮಕ್ಕಳ ಗುಂಪುಚಿತ್ರ, ಅರ್ಜಿಗೆ ಅಂಟಿಸುವ ಮುಖಚಿತ್ರ – ಇವು ಅವರ ಹೊಟ್ಟೆಪಾಡು. ರೈಲು ಅವರ ಹುಚ್ಚು ಎಂದು ಮನೆಯಾಕೆ ಹೇಳುತ್ತಿದ್ದರು. ಆ ಮಾತನ್ನು ಮೇಷ್ಟ್ರು ಎಂದೂ ಅಲ್ಲಗಳೆಯಲಿಲ್ಲ.

ಆ ಹುಚ್ಚಿಗೆ ಮೂಲ ಒಂದಿತ್ತು. ಮೇಷ್ಟ್ರು ಹುಟ್ಟಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ದಂಡೆಯ ಹಳ್ಳಿಯೊಂದರಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ, ಸಂಕ್ರಾಂತಿಯ ಹೊತ್ತಿಗೆ, ತಂದೆಯ ಜೊತೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗಿದ್ದರು. ಎತ್ತು ಕೊಂಡ ಮೇಲೆ ಉಳಿದ ದುಡ್ಡಿನಲ್ಲಿ ತಂದೆ ಮಗನಿಗೆ ಬೆಂಡುಬತ್ತಾಸು ಕೊಡಿಸಿ, “ಬಾ ಮಗ, ರೈಲು ತೋರಿಸ್ಕೊಂಡು ಬರ್ತೀನಿ” ಎಂದು ಕೃಷ್ಣರಾಜನಗರದವರೆಗೆ ಕರೆದೊಯ್ದರು. ನಿಲ್ದಾಣದ ಬೇಲಿಯ ಹೊರಗೆ ಇಬ್ಬರೂ ಎರಡು ಗಂಟೆ ಕಾದರು. ಬಂದ ರೈಲು ಐದು ನಿಮಿಷ ನಿಂತು ಹೋಯಿತು. ಹೊಸ ಎತ್ತುಗಳು ಬೆದರಿ ಹಗ್ಗ ಕಿತ್ತವು. ತಂದೆ ಅವುಗಳನ್ನು ಹಿಡಿಯಲು ಓಡಿದರು. ಹೀಗಾಗಿ ರೈಲನ್ನು ಪೂರ್ತಿಯಾಗಿ ಕಂಡವನು ಹುಡುಗನೊಬ್ಬನೇ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಆ ಹಳ್ಳಿ ಹಿನ್ನೀರಿನಲ್ಲಿ ಮುಳುಗಿತು. ಮನೆ, ಮನೆಯ ಮುಂದಿನ ಹುಣಸೆಮರ, ತಂದೆ ಕುಳಿತಿರುತ್ತಿದ್ದ ಜಗಲಿ – ಯಾವುದರದೂ ಒಂದು ಚಿತ್ರವಿರಲಿಲ್ಲ. ಊರವರ ಮುಖಗಳನ್ನೆಲ್ಲ ತೆಗೆದ ಕ್ಯಾಮೆರಾ ಸ್ವಂತ ಮನೆಯ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಆ ಮೇಲೆಯೇ ಮೇಷ್ಟ್ರು ರೈಲಿನ ಬೆನ್ನು ಹತ್ತಿದ್ದು. ಉಗಿಬಂಡಿಗಳ ಕಾಲ ಮುಗಿಯುತ್ತ ಬಂದಿದೆಯೆಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಚಿತ್ತರಂಜನ್ ಕಾರ್ಖಾನೆಯಿಂದ ಕೊನೆಯ ಮೀಟರ್ ಗೇಜ್ ಉಗಿ ಎಂಜಿನ್ನು ಹೊರಬಿದ್ದದ್ದು 1972ರಲ್ಲಿ.

ಮೈಸೂರು–ಅರಸೀಕೆರೆ ದಾರಿಯಲ್ಲಿ ಆಗ ಓಡುತ್ತಿದ್ದುದು ಹೆಚ್ಚಾಗಿ ವೈ.ಪಿ. ವರ್ಗದ ಎಂಜಿನ್ನು. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. 1949ರಿಂದ 1970ರವರೆಗೆ ಇಂಥವು 871 ತಯಾರಾದವು. ಅವುಗಳಲ್ಲಿ ಬಹಳಷ್ಟು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲಿ ರೂಪುಗೊಂಡವು. ಅದರ ಕೆಲಸದ ಬಗೆ ಮೇಲುನೋಟಕ್ಕೆ ಸರಳ. ಬೆಂಕಿಗೂಡಿನ ಕಾವು ನೀರನ್ನು ಉಗಿಯಾಗಿಸುತ್ತದೆ. ಚದರ ಅಂಗುಲಕ್ಕೆ 210 ಪೌಂಡಿನವರೆಗೆ ಒತ್ತಡ ಏರುವ ಆ ಉಗಿ ಎರಡು ಸಿಲಿಂಡರುಗಳ ಕೊಂತಗಳನ್ನು ಹಿಂದೆಮುಂದೆ ನೂಕಿ ಗಾಲಿಗಳನ್ನು ತಿರುಗಿಸುತ್ತದೆ. ದೊಡ್ಡ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಕೆಲಸ ಮುಗಿಸಿದ ಉಗಿ ನಾಲ್ಕು ಸಲ ಚಿಮಣಿಯ ಮೂಲಕ ಹೊರಚಿಮ್ಮುತ್ತದೆ. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ‘ಛುಕುಬುಕು’ ಎಂದು ಆಡುವ ಆಟದ ತಾಳ ಇದೇ. ಹೊರಚಿಮ್ಮುವ ಉಗಿ ಸುಮ್ಮನೆ ಹೋಗುವುದಿಲ್ಲ. ಹೋಗುತ್ತ ಬೆಂಕಿಗೂಡಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಬೆಂಕಿಯನ್ನು ಊದುತ್ತದೆ. ಕಮ್ಮಾರನ ತಿದಿಯ ಕೆಲಸವನ್ನು ಎಂಜಿನ್ನು ತನಗೆ ತಾನೇ ಮಾಡಿಕೊಳ್ಳುತ್ತದೆ ಎನ್ನಬೇಕು.

ಇಂಥ ಓಡುವ ವಸ್ತುವಿನ ಚಿತ್ರ ತೆಗೆಯುವುದು ಅಂದು ಸುಲಭವಾಗಿರಲಿಲ್ಲ. ಮೇಷ್ಟ್ರ ಬಳಿ ಇದ್ದುದು ಎರಡು ಮಸೂರಗಳ ಯಾಶಿಕಾ ಕ್ಯಾಮೆರಾ. ಅದನ್ನು ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲ್ಭಾಗದ ಮಸುಕು ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಎಡಬಲಗಳು ಅದಲುಬದಲು. ಬಲದಿಂದ ಬರುವ ರೈಲು ಎಡದಿಂದ ಬಂದಂತೆ ತೋರುತ್ತದೆ. ಹೊಸಬರು ಕ್ಯಾಮೆರಾವನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಬರಿಯ ತಂತಿಕಂಬವನ್ನು ಸೆರೆಹಿಡಿಯುತ್ತಾರೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿನ ಸುರುಳಿಗಳನ್ನು ಮೇಷ್ಟ್ರು ಮದುವೆಯ ಲೆಕ್ಕದಿಂದ ಒಂದೊಂದಾಗಿ ಉಳಿಸಿ ರೈಲಿಗೆ ಬಳಸುತ್ತಿದ್ದರು. ಹಳಿಯ ಒಂದು ಮರದ ದಿಮ್ಮಿಯನ್ನು ಗುರುತಿಟ್ಟು, ಅದಕ್ಕೆ ದೃಷ್ಟಿ ಹೊಂದಿಸಿ, ಎಂಜಿನ್ನಿನ ಮುಖ ಅಲ್ಲಿಗೆ ಬಂದ ಕ್ಷಣದಲ್ಲಿ ಗುಂಡಿ ಒತ್ತಬೇಕು. ಒಂದು ಗಾಡಿಗೆ ಒಂದೇ ಅವಕಾಶ. ತಪ್ಪಿದರೆ ಮುಂದಿನ ವಾರ. ರೈಲ್ವೆಯ ಆವರಣದಲ್ಲಿ ಚಿತ್ರ ತೆಗೆಯಲು ಅನುಮತಿಯೂ ಬೇಕಾಗಿತ್ತು. ಆದುದರಿಂದ ಮೇಷ್ಟ್ರು ಬಹುಪಾಲು ಬೇಲಿಯಾಚೆಯ ಗದ್ದೆಯ ಬದುವಿನ ಮೇಲೆಯೇ ನಿಲ್ಲುತ್ತಿದ್ದರು. ಗದ್ದೆಯ ರೈತರಿಗೆ ಅವರು ಸರ್ವೆಯವರಂತೆ ಕಂಡು, ಭೂಮಿ ಹೋಗುತ್ತದೆಯೋ ಎಂದು ಗಾಬರಿಯಿಂದ ವಿಚಾರಿಸಿದ್ದೂ ಉಂಟು.

ಮೇಷ್ಟ್ರ ಮನಸ್ಸಿನಲ್ಲಿ ಒಂದು ಚಿತ್ರ ಬಹುಕಾಲದಿಂದ ನೆಲೆಸಿತ್ತು. ಕೊಯ್ಲು ಮುಗಿದ ಗದ್ದೆಯ ಬಯಲು, ಆಗ ತಾನೇ ಏಳುತ್ತಿರುವ ಸೂರ್ಯ, ಆಕಾಶದ ಅರ್ಧವನ್ನು ಮುಚ್ಚುವಂಥ ಕಪ್ಪುಹೊಗೆಯನ್ನು ಉಗುಳುತ್ತ ಬರುವ ಎಂಜಿನ್ನು. ಇದಕ್ಕೆ ಪ್ರೇರಣೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. 1955ರ ಆ ಚಲನಚಿತ್ರದಲ್ಲಿ ಅಪು ಮತ್ತು ದುರ್ಗಾ ಎಂಬ ಹಳ್ಳಿಯ ಮಕ್ಕಳು ಕಾಶಹುಲ್ಲಿನ ಬಿಳಿಯ ಹೂಗಳ ನಡುವೆ ಓಡಿ ಮೊದಲ ಬಾರಿಗೆ ರೈಲನ್ನು ಕಾಣುತ್ತಾರೆ. ಮೊದಲ ದಿನ ಅರ್ಧ ಚಿತ್ರೀಕರಿಸಿ, ವಾರದ ಮೇಲೆ ಮರಳಿ ಬಂದರೆ ಹೂಗಳನ್ನೆಲ್ಲ ದನಗಳು ಮೇದುಬಿಟ್ಟಿದ್ದವು! ಮತ್ತೆ ಹೂ ಬರುವವರೆಗೆ ರಾಯ್ ಒಂದು ವರ್ಷ ಕಾದರು. ಬಿಳಿಯ ಹೂವಿಗೆ ಎದುರಾಗಿ ಕಪ್ಪುಹೊಗೆ ಕಾಣಬೇಕೆಂದು ತಮ್ಮ ತಂಡದವರೊಬ್ಬರನ್ನು ಎಂಜಿನ್ನಿನಲ್ಲೇ ಕಳುಹಿಸಿ, ಸರಿಯಾದ ಸ್ಥಳದಲ್ಲಿ ಕಲ್ಲಿದ್ದಲು ಹಾಕಿಸಿದರು. ಅಮೆರಿಕದಲ್ಲಿ ಓ. ವಿನ್‌ಸ್ಟನ್ ಲಿಂಕ್ ಎಂಬ ಛಾಯಾಗ್ರಾಹಕರು ಇನ್ನೂ ದೂರ ಹೋದವರು. 1955ರಿಂದ 1960ರವರೆಗೆ ಅವರು ವರ್ಜೀನಿಯ ಮತ್ತು ಸುತ್ತಲಿನ ಸೀಮೆಯ ಕೊನೆಯ ಉಗಿಬಂಡಿಗಳನ್ನು ರಾತ್ರಿಯ ಹೊತ್ತಿನಲ್ಲಿ, ಹಳಿಯುದ್ದಕ್ಕೂ ಹತ್ತಾರು ಮಿಂಚುದೀಪಗಳನ್ನು ಕಟ್ಟಿ ಚಿತ್ರಿಸಿದರು. ಅವರ ಅತ್ಯಂತ ಪ್ರಸಿದ್ಧ ಚಿತ್ರದಲ್ಲಿ ರೈಲಿನ ಮುಂದೆ ಬಯಲು ಚಿತ್ರಮಂದಿರವೊಂದಿದ್ದು, ಅದರ ಪರದೆಯ ಮೇಲೆ ವಿಮಾನ ಹಾರುತ್ತಿದೆ. ಮಿಂಚುದೀಪದ ಬೆಳಕಿಗೆ ಪರದೆ ಬಿಳುಪೇರಿ ಹೋಗಿದ್ದರಿಂದ ಆ ವಿಮಾನವನ್ನು ಅವರು ಅನಂತರ ಕತ್ತಲೆಕೋಣೆಯಲ್ಲಿ ಸೇರಿಸಿದ್ದು. ಇರುವುದನ್ನು ಹಿಡಿಯುವವನು ಬೇಕಾದುದನ್ನು ಹೂಡಿಕೊಳ್ಳಲೂಬಹುದೇ ಎಂಬ ಪ್ರಶ್ನೆ ಈ ಕಲೆಗೆ ಹೊಸದಲ್ಲ.

ಮೇಷ್ಟ್ರು ಮೊದಲು ಕೇಳಿದ್ದು ಡ್ರೈವರನ್ನೇ. ಮೈಸೂರಿನ ಹಿರಿಯರು, ನಿಲ್ದಾಣದವರೆಲ್ಲ ಸಾಹೇಬರು ಎನ್ನುತ್ತಿದ್ದರು. ವಾರವಾರವೂ ಬದುವಿನ ಮೇಲೆ ನಿಂತಿರುತ್ತಿದ್ದ ಮನುಷ್ಯನನ್ನು ಕಂಡು ಅವರು ಕೈಬೀಸುವಷ್ಟು ಪರಿಚಯ ಬೆಳೆದಿತ್ತು. “ಸಾಹೇಬರೇ, ಸ್ಟೇಷನ್ ಬಿಟ್ಟ ಮೇಲೆ ಸ್ವಲ್ಪ ಕಪ್ಪುಹೊಗೆ ಬರೋ ಹಾಗೆ ಮಾಡ್ತೀರಾ?” ಎಂದು ಕೇಳಿದಾಗ ಅವರು ನಕ್ಕುಬಿಟ್ಟರು. “ಆಗೋದಿಲ್ಲ ಸ್ವಾಮಿ. ಹೊಗೆ ಬರದ ಹಾಗೆ ನೋಡ್ಕೊಳ್ಳೋದಕ್ಕೇ ಸರ್ಕಾರ ನಮಗೆ ಸಂಬಳ ಕೊಡೋದು.”

ಮೇಷ್ಟ್ರು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮುಂದಿನ ವಾರ ಸಾಹೇಬರು ಕೆಳಗಿಳಿದು ಎಣ್ಣೆ ಹಾಕುತ್ತಿದ್ದಾಗ ಮೇಷ್ಟ್ರು ಬೆಂಕಿಯಾಳಿನ ಬಳಿ ಹೋದರು. ಫೈರ್‌ಮನ್ ಎಂದು ರೈಲ್ವೆಯವರು ಕರೆಯುವ ಆ ಹುದ್ದೆಯಲ್ಲಿದ್ದವನು ಇಪ್ಪತ್ತೈದರ ಒಳಗಿನ ಹುಡುಗ, ಪಿರಿಯಾಪಟ್ಟಣದ ಕಡೆಯವನು. ಅವನಪ್ಪ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಲ್ಲಿ ರಾತ್ರಿಯಿಡೀ ಒಲೆ ಕಾಯುತ್ತಿದ್ದವರು. ಬೆಂಕಿ ಕಾಯುವ ಕಸಬು ಮನೆತನದಿಂದಲೇ ಬಂದಿತ್ತೆನ್ನಬಹುದು. ಅವನ ತಾಯಿಗೆ ಮಗನದೊಂದು ಫೋಟೋ ಬೇಕಾಗಿತ್ತು, ಹೆಣ್ಣಿನ ಕಡೆಯವರಿಗೆ ತೋರಿಸಲು. “ನಿನ್ನ ಫೋಟೋ ನಾನು ತೆಗೆದುಕೊಡ್ತೀನಪ್ಪ, ಕಾಸು ಬೇಡ. ಔಟರ್ ಸಿಗ್ನಲ್ ದಾಟುವಾಗ ಒಂದೆಂಟು ಸಲಿಕೆ ಜಾಸ್ತಿ ಹಾಕು” ಎಂದರು ಮೇಷ್ಟ್ರು. ಹುಡುಗ ಹಿಂದೆಮುಂದೆ ನೋಡಿ ತಲೆಯಾಡಿಸಿದ.

ಚಿತ್ರ ಸೊಗಸಾಗಿ ಬಂತು. ಎಂಬತ್ತರ ದಶಕದ ಆ ಚಳಿಗಾಲದ ಬೆಳಿಗ್ಗೆ ಗಾಳಿಯೇ ಇರಲಿಲ್ಲ; ಹೊಗೆ ನೇರವಾಗಿ ಮೇಲೆದ್ದು, ಮರದ ಹಾಗೆ ಕವಲೊಡೆದು ನಿಂತಿತು. ಕತ್ತಲೆಕೋಣೆಯ ತಟ್ಟೆಯಲ್ಲಿ ಕಾಗದದ ಮೇಲೆ ಅದು ಮೆಲ್ಲಮೆಲ್ಲನೆ ಮೂಡಿದಾಗ ಮೇಷ್ಟ್ರು ಮನೆಯಾಕೆಯನ್ನು ಎಬ್ಬಿಸಿ ತೋರಿಸಿದರು. ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿ, ಸ್ಟುಡಿಯೋದ ಗಾಜಿನ ಬೀರುವಿನಲ್ಲಿ ವಧೂವರರ ನಡುವೆ ಇಟ್ಟರು. ಹೊಗೆಸೊಪ್ಪಿನ ಹರಾಜಿಗೆ ಬಂದ ರೈತರು ನಿಂತು ನೋಡಿ ಹೋಗುತ್ತಿದ್ದರು.

ಮುಂದಿನ ವಾರ ಮೇಷ್ಟ್ರು ಕೃಷ್ಣರಾಜನಗರಕ್ಕೆ ಹೋದಾಗ ನಿಲ್ದಾಣದ ಪಾಯಿಂಟ್ಸ್‌ಮನ್ ಸಂಗತಿ ತಿಳಿಸಿದ. ಆ ದಿನ ಗಾಡಿ ದಾರಿಯ ಮುಂದಿನ ಏರೊಂದರಲ್ಲಿ ನಿಂತೇ ಹೋಯಿತಂತೆ. ಒಮ್ಮೆಲೇ ಸುರಿದ ಕಲ್ಲಿದ್ದಲು ಉರಿಯನ್ನು ಮುಚ್ಚಿ, ಗಾಳಿಯಾಡದೆ, ಉಗಿಯ ಒತ್ತಡ ಇಳಿಯಿತು. ಬೆಂಕಿಯನ್ನು ಕೆದಕಿ, ಮತ್ತೆ ಒತ್ತಡ ಏರಿಸಿಕೊಂಡು ಹೊರಡುವಾಗ ಅರ್ಧ ಗಂಟೆಗೂ ಮೀರಿ ತಡವಾಗಿತ್ತು. ಗಾಡಿಯಲ್ಲಿ ಹಾಸನದ ಆಸ್ಪತ್ರೆಗೆ ಹೊರಟವರಿದ್ದರು, ಪರೀಕ್ಷೆಗೆ ಹೊರಟ ಹುಡುಗರಿದ್ದರು. ಮೇಲಿನವರು ಕಾರಣ ಕೇಳಿದರು. ಬೆಂಕಿಯ ಮೇಲೆ ತನ್ನ ಗಮನ ತಪ್ಪಿತೆಂದು ಸಾಹೇಬರು ಬರೆದುಕೊಟ್ಟರು. ಹುಡುಗನ ಹೆಸರೆತ್ತಲಿಲ್ಲ. ನಿವೃತ್ತಿಗೆ ಎರಡು ವರ್ಷವಿದ್ದ ಅವರ ಸೇವಾಪುಸ್ತಕದಲ್ಲಿ ಅದು ಮೊದಲ ಕಪ್ಪುಗುರುತು.

ಮೇಷ್ಟ್ರು ಅಂದು ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಗಾಡಿ ಬಂದು ನಿಂತಾಗ ಎಂಜಿನ್ನಿನ ಬಳಿ ಹೋಗಿ ತಲೆ ತಗ್ಗಿಸಿದರು. “ತಪ್ಪು ನನ್ನದು ಸಾಹೇಬರೇ. ಹುಡುಗನಿಗೆ ಆಸೆ ತೋರಿಸಿದವನು ನಾನು. ಎಲ್ಲಿ ಬೇಕಾದರೂ ಬಂದು ಹೇಳ್ತೀನಿ.” ಹುಡುಗ ಸಲಿಕೆ ಹಿಡಿದು ಆಚೆ ನೋಡುತ್ತಿದ್ದ. ಸಾಹೇಬರು ತುಸು ಹೊತ್ತು ಮಾತಾಡಲಿಲ್ಲ. ಬಳಿಕ, “ಚಿತ್ರ ತಂದಿದೀರಾ?” ಎಂದರು. ಮೇಷ್ಟ್ರು ಚೀಲದಲ್ಲಿದ್ದ ಸಣ್ಣ ಪ್ರತಿಯನ್ನು ಕೊಟ್ಟರು. ಅದನ್ನು ಬೆಳಕಿಗೆ ಹಿಡಿದು ನೋಡಿ ಅವರೆಂದರು: “ಚೆನ್ನಾಗಿದೆ ಸ್ವಾಮಿ. ಆದರೆ ಇದರಲ್ಲಿ ಕಪ್ಪಗೆ ಕಾಣ್ತಿರೋದು ಸುಡದೇ ಹಾರಿಹೋದ ಇದ್ದಲು. ಈ ಹುಡುಗ ಸೊಂಟ ಬಗ್ಗಿಸಿ ಎತ್ತಿ ಹಾಕಿದ ಇದ್ದಲು ಅದು.”

ಆಮೇಲೆ ಅವರೇ ವಿವರಿಸಿದರು. ಒಳ್ಳೆಯ ಬೆಂಕಿಯಾಳು ಕಲ್ಲಿದ್ದಲನ್ನು ಸ್ವಲ್ಪಸ್ವಲ್ಪವಾಗಿ, ಬೆಂಕಿ ಎಲ್ಲಿ ತೆಳುವಾಗಿದೆಯೋ ಅಲ್ಲಿಗೇ ಬೀಳುವಂತೆ ಹಾಕುತ್ತಾನೆ. ಚಿಮಣಿಯ ಬಾಯಲ್ಲಿ ತೆಳುವಾದ ಬೂದುಬಣ್ಣ ಸುಳಿದು ಮಾಯವಾದರೆ ಅವನ ಕೆಲಸ ಸರಿಯಾಗಿದೆ ಎಂದರ್ಥ. ಚಳಿಗಾಲದ ಬೆಳಿಗ್ಗೆ ಬೆಳ್ಳಗೆ ಕಾಣುವುದು ಹೊಗೆಯಲ್ಲ. ತಣ್ಣನೆಯ ಗಾಳಿಗೆ ಸಿಕ್ಕಿ ಹನಿಗಟ್ಟಿದ ಉಗಿ. ಎಂಜಿನ್ನು ಓಡುತ್ತಿರುವಾಗ ಕುಲುಕಾಟದಲ್ಲಿ ಕಾಲೂರಿ ನಿಂತು, ಒಂದು ಕಣ್ಣು ಬೆಂಕಿಯ ಮೇಲೆ, ಒಂದು ಕಣ್ಣು ನೀರಿನ ಗಾಜಿನ ಮೇಲೆ ಇಟ್ಟಿರಬೇಕು. ಬಾಯ್ಲರಿನ ಒಳಗೆ ನೀರು ಎಷ್ಟಿದೆಯೆಂದು ತೋರಿಸುವ ಗಾಜಿನ ಕೊಳವೆ ಅದು. ನೀರು ಮಿತಿಮೀರಿ ಇಳಿದರೆ ಬೆಂಕಿಗೂಡಿನ ಮೇಲ್ಛಾವಣಿ ಕಾದು ಕುಸಿದು, ಎಂಜಿನ್ನೂ ಇಲ್ಲ, ಒಳಗಿರುವವರೂ ಇಲ್ಲ.

“ನಮ್ಮ ಕೆಲಸದ ಚಿತ್ರ ಬೇಕಾದರೆ ಶುಕ್ರವಾರ ಸಂಜೆ ಬನ್ನಿ” ಎಂದರು ಸಾಹೇಬರು. “ಮೈಸೂರಿಗೆ ವಾಪಸ್ ಹೋಗೋ ಗಾಡಿ ತರ್ತೀವಿ. ಎದುರುಗಾಡಿ ಬರೋವರೆಗೂ ಇಲ್ಲೇ ನಿಲ್ಲಬೇಕು. ಸ್ಟೇಷನ್ ಮಾಸ್ಟರನ್ನ ಕೇಳಿಕೊಂಡು ಬನ್ನಿ.”

ಅನುಮತಿ ದೊರೆಯಿತು. ಶುಕ್ರವಾರ ಗಾಡಿ ಬಂದಾಗ ಕತ್ತಲಾಗಿತ್ತು. ಪ್ಲಾಟ್‌ಫಾರಂ ಮೇಲೆ ಮುಕ್ಕಾಲಿಯನ್ನು ನಿಲ್ಲಿಸಿ, ಎಂಜಿನ್ನಿನ ತೆರೆದ ಮಗ್ಗುಲಿಗೆ ಕ್ಯಾಮೆರಾ ಹೊಂದಿಸಿದರು. ಬೆಂಕಿಗೂಡಿನ ಬಾಗಿಲು ತೆರೆದಾಗ ಬರುವ ಬೆಳಕೊಂದೇ ಬೆಳಕು. ಮದುವೆಮನೆಯ ಮಿಂಚುದೀಪ ಚೀಲದಲ್ಲಿತ್ತು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ಆ ಮಂದಬೆಳಕಿಗೆ ಅರ್ಧ ಸೆಕೆಂಡಾದರೂ ಕಣ್ಣು ತೆರೆದಿರಬೇಕೆಂದು ಅಂದಾಜು ಮಾಡಿದರು. ಅಷ್ಟು ಹೊತ್ತು ಹುಡುಗ ಅಲುಗಬಾರದು. ಮೊದಲ ಸಲ ಎಂಜಿನ್ನೇ ಮೈಕೊಡವಿತು. ಎರಡನೆಯ ಸಲ ಹುಡುಗನಿಗೆ ನಗು ಬಂತು. ಮೂರನೆಯ ಸಲಕ್ಕೆ ಸಾಹೇಬರು, “ಫೋಟೋ ಮರೆತುಬಿಡು ಮಗ. ಬೆಂಕಿ ನೋಡು” ಎಂದರು. ಹುಡುಗ ಸಲಿಕೆಯನ್ನು ಅರ್ಧಕ್ಕೆ ತಂದು, ಎಲ್ಲಿ ಹಾಕಲಿ ಎಂಬಂತೆ ಬೆಂಕಿಯನ್ನು ನೋಡುತ್ತ ಒಂದು ಗಳಿಗೆ ನಿಂತ. ಮೇಷ್ಟ್ರು ಗುಂಡಿ ಒತ್ತಿದರು. ಅಷ್ಟರಲ್ಲಿ ಎದುರುಗಾಡಿಯ ಸಿಳ್ಳು ಕೇಳಿಸಿತು.

ಆ ಚಿತ್ರದಲ್ಲಿ ಹೊಗೆಯಿಲ್ಲ, ಸೂರ್ಯನಿಲ್ಲ, ಎಂಜಿನ್ನಿನ ಆಕಾರವೂ ಸರಿಯಾಗಿ ಕಾಣುವುದಿಲ್ಲ. ಕಪ್ಪಿನ ನಡುವೆ ಬೆವರಿದ ಒಂದು ಕೆನ್ನೆ, ತೋಳು, ಸಲಿಕೆಯ ಅಂಚು, ಹಿಂದೆ ಹಿತ್ತಾಳೆಯ ತಿರುಪುಗಳ ಮೇಲೆ ಕೂತ ಬೆಂಕಿಯ ಚುಕ್ಕೆಗಳು. ಸಾಹೇಬರ ಮುಖ ಚೌಕಟ್ಟಿನ ಹೊರಗೇ ಉಳಿಯಿತು. ಅವರ ಒಂದು ಕೈ ಮಾತ್ರ ಮೇಲಿನ ಸನ್ನೆಗೋಲನ್ನು ಹಿಡಿದಿದೆ. ಮೇಷ್ಟ್ರು ಬೀರುವಿನಿಂದ ಕಪ್ಪುಹೊಗೆಯ ಚಿತ್ರವನ್ನು ತೆಗೆದು ಇದನ್ನಿಟ್ಟರು. ನಿಂತು ನೋಡುವವರು ಕಡಮೆಯಾದರು. ಇದಾವ ಕಮ್ಮಾರನ ಕುಲುಮೆ ಎಂದು ಕೇಳಿದವರೂ ಇದ್ದರು. ಹುಡುಗನ ತಾಯಿಗೆ ಬೇರೆಯದೇ ಒಂದು ಚಿತ್ರ, ತಲೆ ಬಾಚಿ ಬಿಳಿ ಅಂಗಿ ತೊಟ್ಟದ್ದು, ಸ್ಟುಡಿಯೋದಲ್ಲಿ ತೆಗೆದು ಕೊಟ್ಟಾಯಿತು. ಮದುವೆಯೂ ಆಯಿತು.

1990ರ ದಶಕದಲ್ಲಿ ಈ ದಾರಿ ಬ್ರಾಡ್ ಗೇಜ್ ಆಯಿತು. ಉಗಿಬಂಡಿಗಳು ಮರೆಯಾದವು. ಮೈಸೂರಿನಲ್ಲಿ 1979ರಲ್ಲೇ ತೆರೆದಿದ್ದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳು ಬಣ್ಣ ಬಳಿದುಕೊಂಡು ನಿಂತಿವೆ. ಮಕ್ಕಳು ಹತ್ತಿ ಇಳಿಯುತ್ತಾರೆ. ಮೇಷ್ಟ್ರು ಒಮ್ಮೆ ಅಲ್ಲಿಗೆ ಹೋಗಿ, ಒಂದೂ ಚಿತ್ರ ತೆಗೆಯದೆ ಬಂದರು. ಬೆಂಕಿಗೂಡಿನೊಳಗೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು ಎಂದಷ್ಟೇ ಮನೆಯಲ್ಲಿ ಹೇಳಿದರಂತೆ.

ಬಹಳ ವರ್ಷಗಳಾದ ಮೇಲೆ, ಮಧ್ಯವಯಸ್ಸಿನ ವ್ಯಕ್ತಿಯೊಬ್ಬರು ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಹುಣಸೂರಿನ ಸ್ಟುಡಿಯೋಕ್ಕೆ ಬಂದರು. ಡೀಸೆಲ್ ಎಂಜಿನ್ನಿನ ಕೆಲಸಕ್ಕೆ ಬದಲಾಗಿ, ಬೇರೆ ಬೇರೆ ಊರು ಸುತ್ತಿ ಬಂದಿದ್ದ ಅದೇ ಹುಡುಗ. ಸಾಹೇಬರು ತೀರಿಕೊಂಡ ಸುದ್ದಿಯನ್ನು ಹೇಳಲು, ಅವರ ಮನೆಯವರಿಗೆ ಆ ಚಿತ್ರದ ಒಂದು ಪ್ರತಿ ಕೇಳಲು ಬಂದದ್ದು. ಮೇಷ್ಟ್ರು ಚೌಕಟ್ಟನ್ನು ಬೀರುವಿನಿಂದ ಇಳಿಸಿ, ಧೂಳು ಒರೆಸಿ, ಮೇಜಿನ ಮೇಲಿಟ್ಟರು. ಮಗಳು ಬಗ್ಗಿ, “ಅಪ್ಪ, ಇದು ನೀನಾ?” ಎಂದು ನಕ್ಕಳು. ಆತ ತನ್ನ ಮುಖವನ್ನು ನೋಡಿದಂತೆ ಕಾಣಲಿಲ್ಲ. ಸನ್ನೆಗೋಲಿನ ಮೇಲಿದ್ದ ಕೈಯನ್ನು ಬಹಳ ಹೊತ್ತು ನೋಡಿದರು. ಆ ಮೇಲೆ ಬೆರಳು ಚಿತ್ರದ ಮೂಲೆಗೆ, ಬೆಂಕಿಯ ಬೆಳಕಿನಲ್ಲಿ ಮಸುಕಾಗಿ ಮಿನುಗುತ್ತಿದ್ದ ಸಣ್ಣ ಗಾಜಿನ ಕೊಳವೆಯ ಮೇಲೆ ಹೋಗಿ ನಿಂತಿತು. ಇಷ್ಟು ವರ್ಷಗಳಲ್ಲಿ ಮೇಷ್ಟ್ರು ಅದನ್ನು ಗಮನಿಸಿರಲೇ ಇಲ್ಲ.

“ನೀರು ಅರ್ಧ ಗಾಜಿಗಿದೆ ಮೇಷ್ಟ್ರೇ” ಎಂದರು ಆತ. “ಸರಿಯಾಗೇ ಇದೆ.”